ಶಿಕ್ಷೆ ಆಗಲಿಲ್ಲ, ಅಪರಾಧಿಯಾದೆ

2014ರಲ್ಲಿ ಒಂದು ಸರ್ಕಾರಿ ನಿಗಮದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಸೇರುವ ಮೊದಲು ತುಂಬಿಕೊಡಬೇಕಿದ್ದ ನಮೂನೆಯಲ್ಲಿ ಒಂದು ಪ್ರಶ್ನೆ: ಯಾವುದಾದರೂ ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿದೆಯೇ? 'ಇಲ್ಲ' ಎಂದು ಬರೆದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಜೈಲಿಗೆ ಹೋಗಿರಲಿಲ್ಲ, ದಂಡ ಕಟ್ಟಿರಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಬಂದಿದ್ದೆ, ಅಷ್ಟೇ. ಪೊಲೀಸ್ ಪರಿಶೀಲನೆಯ ವರದಿ ಹೋದ ಮೇಲೆ ನೇಮಕಾತಿ ರದ್ದಾಯಿತು. ಪತ್ರದಲ್ಲಿ ಹಳೆಯ ಹೊಡೆದಾಟವನ್ನು ಕಾರಣ ಮಾಡಿರಲಿಲ್ಲ. 'ಮಾಹಿತಿ ಮರೆಮಾಚಿದ್ದಾರೆ' ಎಂದಿತ್ತು.

ಆ ಹೊಡೆದಾಟ ನಡೆದದ್ದು 2011ರ ಮುಂಗಾರಿನಲ್ಲಿ, ಹೊಲದ ಬದುವಿನ ಮೇಲೆ. ಪಕ್ಕದ ಜಮೀನಿನ ಅಣ್ಣನ ಮೇಲೆ ಕೈ ಮಾಡಿದೆ, ಅವರ ತುಟಿ ಒಡೆಯಿತು. ನನಗಾಗ ಇಪ್ಪತ್ತು. ಭಾರತೀಯ ದಂಡ ಸಂಹಿತೆಯ 323 ಮತ್ತು 504ರ ಅಡಿ ಕೇಸಾಯಿತು. "ಒಪ್ಪಿಕೊಂಡುಬಿಡಪ್ಪ, ಸಣ್ಣ ವಯಸ್ಸು, ಪ್ರೊಬೇಷನ್ ಮೇಲೆ ಬಿಡ್ತಾರೆ" ಎಂದರು ವಕೀಲರು. ಒಪ್ಪಿಕೊಂಡೆ.

ಪ್ರೊಬೇಷನ್ ಅಧಿಕಾರಿ ಊರಿಗೆ ಬಂದ ದಿನ ಇನ್ನೂ ಕಣ್ಣ ಮುಂದಿದೆ. ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ನನ್ನನ್ನು ಕೇಳಿದ್ದಕ್ಕಿಂತ ಹೆಚ್ಚು ಬೇರೆಯವರನ್ನು ಕೇಳಿದರು. ಶಾಲೆಯ ಮೇಷ್ಟ್ರು, ನ್ಯಾಯಬೆಲೆ ಅಂಗಡಿಯವರು, ಕೊನೆಗೆ ಪೆಟ್ಟು ತಿಂದ ಅಣ್ಣನೂ. "ಹುಡುಗ ಕೆಟ್ಟವನಲ್ಲ ಸಾರ್, ಕೋಪ ಜಾಸ್ತಿ" ಎಂದರಂತೆ ಆ ಅಣ್ಣ. ಅವರ ಮಾತೂ ವರದಿಯಲ್ಲಿ ಸೇರಿತು. ಸೋದರಮಾವ ತಮ್ಮ ಎರಡು ಎಕರೆಯ ಪಹಣಿ ಕೊಟ್ಟು ಜಾಮೀನು ನಿಂತರು. ಒಂದು ವರ್ಷ ಯಾರ ತಂಟೆಗೂ ಹೋಗಬಾರದು, ಅಧಿಕಾರಿಯನ್ನು ಆಗಾಗ ಕಾಣಬೇಕು, ಕರೆದರೆ ಕೋರ್ಟಿಗೆ ಬಂದು ಶಿಕ್ಷೆ ಪಡೆಯಬೇಕು. ಮುಚ್ಚಳಿಕೆಯ ಆ ಕೊನೆಯ ಸಾಲನ್ನು ನಾನು ಸರಿಯಾಗಿ ಓದಬೇಕಿತ್ತು. ಅಪರಾಧ ತೀರ್ಮಾನ ಆಗಿಹೋಗಿದೆ, ಶಿಕ್ಷೆ ಮಾತ್ರ ತಡೆದಿದೆ ಎಂಬುದು ಅದರಲ್ಲೇ ಇತ್ತು. ನಾನು ಸಹಿ ಹಾಕುವ ಜಾಗ ಹುಡುಕುತ್ತಿದ್ದೆ.

1958ರ ಪ್ರೊಬೇಷನ್ ಕಾಯ್ದೆ ಒಳ್ಳೆಯ ಕಾಯ್ದೆ. ಇಪ್ಪತ್ತೊಂದು ತುಂಬದ ನನ್ನಂಥವರು ಜೈಲಿನಲ್ಲಿ ಕಳ್ಳರ ಸಹವಾಸಕ್ಕೆ ಬೀಳದೆ ಉಳಿದದ್ದು ಅದರಿಂದಲೇ. ಅದರ 12ನೇ ಕಲಮಿನ ಪ್ರಕಾರ, ಹೀಗೆ ಬಿಡುಗಡೆಯಾದವರಿಗೆ ಅಪರಾಧ ನಿರ್ಣಯದ ಜೊತೆ ಕಾನೂನು ಅಂಟಿಸುವ ಅನರ್ಹತೆ ತಟ್ಟುವುದಿಲ್ಲ. ಆದರೆ ತೀರ್ಪೇ ಅಳಿಸಿಹೋಗುತ್ತದೆ ಎಂದು ಅದು ಹೇಳುವುದಿಲ್ಲ. 1990ರ ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ನಾನು ನಿಜ ಬರೆದು, ಜೊತೆಗೆ ಆದೇಶದ ನಕಲು ಲಗತ್ತಿಸಿದ್ದರೆ ವಾದಿಸಲು ನೆಲೆಯಾದರೂ ಇರುತ್ತಿತ್ತು. 2016ರ ಅವತಾರ್ ಸಿಂಗ್ ತೀರ್ಪು, ಎಳೆಯ ವಯಸ್ಸಿನ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತರು ವಿವೇಚನೆಯಿಂದ ಮನ್ನಿಸಬಹುದು ಎಂದಿತು. ಅಷ್ಟರಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಇದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. 323, 504 ಎರಡೂ ರಾಜಿಗೆ ಬರುವ ಕಲಮುಗಳು. ಪೆಟ್ಟು ತಿಂದವರು ಒಪ್ಪಿ ರಾಜಿ ದಾಖಲಾದರೆ ಅದು ಖುಲಾಸೆಗೆ ಸಮ. ನನ್ನ ಬಗ್ಗೆ ಒಳ್ಳೆಯ ಮಾತಾಡಿದ ಆ ಅಣ್ಣ ಕೇಳಿದ್ದರೆ ಒಪ್ಪುತ್ತಿದ್ದರು. ನಾವು ಕೇಳಲೇ ಇಲ್ಲ. ಬೇಗ ಮುಗಿಯಲಿ ಎಂಬ ಅವಸರ ನಮ್ಮದು.

ಕಳೆದ ವರ್ಷ ಅಕ್ಕನ ಮಗ ಜಾತ್ರೆಯಲ್ಲಿ ಒಬ್ಬನಿಗೆ ಹೊಡೆದ. ಈಗ ಕಲಮು ನ್ಯಾಯ ಸಂಹಿತೆಯ 115(2), ರಾಜಿಗೆ ಅದೂ ಬರುತ್ತದೆ. "ಒಪ್ಪಿಕೊಂಡು ಮುಗಿಸಿಬಿಡ್ಲಾ ಮಾಮಾ?" ಎಂದ. ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಡೆತ ತಿಂದ ಹುಡುಗನ ಮನೆಗೆ ಹೋದೆ. ಮೊದಲ ದಿನ ಬಾಗಿಲು ತೆಗೆಯಲಿಲ್ಲ. ಮೂರನೆಯ ಸಲ ಆ ಹುಡುಗನ ತಂದೆ ಒಳಗೆ ಕರೆದು ಚಾಪೆ ಹಾಸಿದರು.