ಗ್ರಾಮಫೋನ್ ತಟ್ಟೆಯೂ ಫೋನೋ ವರ್ಧಕವೂ

ನಮ್ಮ ಶಾಲೆಯ ಕಪಾಟಿನಲ್ಲಿ ಕೆಲವು ಹಳೆಯ ಗ್ರಾಮಫೋನ್ ತಟ್ಟೆಗಳಿವೆ. ಭಾವಗೀತೆ, ದೇವರನಾಮ, ಯಕ್ಷಗಾನದ ಪದಗಳು ಅವುಗಳಲ್ಲಿವೆ. ಅವನ್ನು ನುಡಿಸುತ್ತಿದ್ದ ಯಂತ್ರ ಕೆಟ್ಟುಹೋದಾಗ ಹಳೆ ವಿದ್ಯಾರ್ಥಿಯೊಬ್ಬರು ಒಳ್ಳೆಯ ಟರ್ನ್‌ಟೇಬಲ್ ಒಂದನ್ನು ಕೊಟ್ಟರು. ವಾರ್ಷಿಕೋತ್ಸವದ ಮುನ್ನಾದಿನ ಅದನ್ನು ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಜೋಡಿಸಿದೆವು. ಹಾಡು ಕೇಳಿಯೂ ಕೇಳದಷ್ಟು ಸಣ್ಣಗೆ ಬಂತು. ಮೈಕಿನ ಜಾಗಕ್ಕೆ ಸಿಕ್ಕಿಸಿದಾಗ ಸದ್ದೇನೋ ದೊಡ್ಡದಾಯಿತು. ಆದರೆ ಮದ್ದಳೆಯ ಗಂಭೀರ ನಾದ ಮಾಯವಾಗಿ, ತಾಳದ ಸದ್ದು ಮಾತ್ರ ಕಿವಿಗೆ ಚುಚ್ಚಿತು. ತಟ್ಟೆಗಳು ಸವೆದಿವೆ, ಇನ್ನು ಗುಜರಿಗೆ ಕೊಡುವುದೇ ಸರಿ ಎಂದು ನಮ್ಮಲ್ಲಿ ಕೆಲವರು ತೀರ್ಮಾನಿಸಿಯೇಬಿಟ್ಟರು. ನಿಜವಾಗಿ ತಟ್ಟೆಗಳ ತಪ್ಪೇನೂ ಇರಲಿಲ್ಲ. ನಡುವೆ ಇರಬೇಕಾದ ಫೋನೋ ವರ್ಧಕ ಇರಲಿಲ್ಲ, ಅಷ್ಟೆ.

ತಟ್ಟೆಯಲ್ಲಿ ಏನಿದೆ?

ಕೆಳಸ್ವರವನ್ನು ಇದ್ದಂತೆಯೇ ಕೊರೆದರೆ ತಟ್ಟೆಯ ಗೆರೆ ಅತ್ತಿತ್ತ ಬಹಳವಾಗಿ ಓಲಾಡಿ ಪಕ್ಕದ ಗೆರೆಗೆ ತಾಗುವುದು. ಆದುದರಿಂದ ಮುದ್ರಿಸುವಾಗ ಕೆಳಸ್ವರವನ್ನು ತಗ್ಗಿಸುತ್ತಾರೆ. ಮೇಲಿನ ಸ್ವರವನ್ನು ಹೆಚ್ಚಿಸುತ್ತಾರೆ. ನುಡಿಸುವಾಗ ಇದನ್ನು ತಿರುಗಿಸಬೇಕು. ಆಗ ಕೆಳಸ್ವರ ಮೊದಲಿನಂತಾಗುವುದು. ಮೇಲಿನ ಸ್ವರದೊಂದಿಗೆ ತಟ್ಟೆಯ ಮೇಲ್ಮೈಯ ಚರಪರ ಸದ್ದೂ ತಗ್ಗುವುದು. ಇದರ ಅಳತೆಯನ್ನು ಅಮೆರಿಕದ ರೆಕಾರ್ಡ್ ಉದ್ಯಮ ಸಂಘ 1954ರಲ್ಲಿ ಗೊತ್ತುಪಡಿಸಿತು. 1000 ಹರ್ಟ್ಸ್ ಸ್ವರಕ್ಕೆ ಹೋಲಿಸಿದರೆ 20 ಹರ್ಟ್ಸ್ ಸ್ವರವನ್ನು ಸುಮಾರು 9 ಪಟ್ಟು ಹೆಚ್ಚಿಸಬೇಕು. 20,000 ಹರ್ಟ್ಸ್ ಸ್ವರವನ್ನು ಸುಮಾರು ಅಷ್ಟೇ ಪಟ್ಟು ತಗ್ಗಿಸಬೇಕು.

ಇನ್ನೊಂದು ಕೆಲಸ ವರ್ಧನೆ. ಮುಳ್ಳಿನೊಂದಿಗೆ ಅಯಸ್ಕಾಂತ ಅಲುಗುವ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಿದರೆ ಅರ್ಧ ವೋಲ್ಟ್ ಆಗುವುದು; ಆಂಪ್ಲಿಫೈಯರಿಗೆ ಅಷ್ಟು ಸಾಕು. ಮುಳ್ಳಿನೊಂದಿಗೆ ತಂತಿಯ ಸುರುಳಿ ಅಲುಗುವ ಕಾರ್ಟ್ರಿಜ್ ಕೊಡುವುದು 0.3 ಮಿಲಿವೋಲ್ಟಿನ ಆಸುಪಾಸು ಮಾತ್ರ. ಅದಕ್ಕೆ ಸಾವಿರ ಪಟ್ಟು ವರ್ಧನೆ ಬೇಕು. ನಮ್ಮ ಹಳೆಯ ಯಂತ್ರದಲ್ಲಿದ್ದುದು ಸೆರಾಮಿಕ್ ಕಾರ್ಟ್ರಿಜ್. ಅದು ತಾನಾಗಿಯೇ ನೂರಾರು ಮಿಲಿವೋಲ್ಟ್ ಕೊಡುತ್ತದೆ, ಕೆಳಸ್ವರವನ್ನೂ ಹೆಚ್ಚುಕಡಿಮೆ ಸರಿದೂಗಿಸುತ್ತದೆ. ಹಾಗಾಗಿ ಅದಕ್ಕೆ ಬೇರೆ ಸಹಾಯ ಬೇಕಿರಲಿಲ್ಲ. ಮೈಕಿನ ಜಾಗದಲ್ಲಿ ವರ್ಧನೆ ಉಂಟು, ಸರಿದೂಗಿಸುವಿಕೆ ಇಲ್ಲ. ಮದ್ದಳೆ ಮಾಯವಾದ ಗುಟ್ಟು ಇದೇ.

ಒಳಗೋ, ಹೊರಗೋ?

ಕೆಲವು ಆಂಪ್ಲಿಫೈಯರುಗಳ ಒಳಗೇ ಫೋನೋ ವರ್ಧಕವಿರುತ್ತದೆ. ಹಿಂಬದಿಯಲ್ಲಿ ‘ಫೋನೋ’ ಎಂದು ಬರೆದಿರುತ್ತದೆ. ಕೆಲವು ಟರ್ನ್‌ಟೇಬಲ್‌ಗಳ ಒಳಗೂ ಇರುವುದುಂಟು. ಖರ್ಚು ಕಡಿಮೆ, ತಂತಿ ಕಡಿಮೆ, ಜಾಗವೂ ಕಡಿಮೆ. ಆದರೆ ಆಂಪ್ಲಿಫೈಯರಿನ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಹತ್ತಿರವೇ ಇರುತ್ತದೆ. ಅದರಿಂದ 50 ಹರ್ಟ್ಸಿನ ಗುಂಯ್‌ಗುಡುವಿಕೆ ನುಸುಳಬಹುದು. ಕೆಳಸ್ವರವನ್ನು ಎತ್ತುವ ಮಂಡಲವೇ ಈ ಗುಂಯ್‌ಗುಡುವಿಕೆಯನ್ನೂ ಸುಮಾರು 7 ಪಟ್ಟು ಎತ್ತುತ್ತದೆ! ಚೆನ್ನಾಗಿ ರಚಿಸಿದ ಯಂತ್ರದಲ್ಲಿ ಈ ತೊಂದರೆ ತೀರ ಕಡಿಮೆ.

ಬೇರೆ ಪೆಟ್ಟಿಗೆಯನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಇಡಬಹುದು. ಎರಡು ಬಗೆಯ ಕಾರ್ಟ್ರಿಜ್‌ಗಳಿಗೂ ಒಗ್ಗುವ ಪೆಟ್ಟಿಗೆಗಳುಂಟು. ನಾಳೆ ಆಂಪ್ಲಿಫೈಯರ್ ಬದಲಾದರೂ ಪೆಟ್ಟಿಗೆ ಉಳಿಯುವುದು. ಆದರೆ ಅದಕ್ಕೆ ಪ್ರತ್ಯೇಕ ಹಣ, ಪ್ರತ್ಯೇಕ ವಿದ್ಯುತ್ತು ಬೇಕು. ಜೋಡಣೆಯ ತಂತಿಗಳೂ ಹೆಚ್ಚುತ್ತವೆ. ಭೂಸಂಪರ್ಕ ಸರಿಯಿಲ್ಲದಿದ್ದರೆ ಅವುಗಳಿಂದಲೇ ಗುಂಯ್‌ಗುಡುವಿಕೆ ಬರಬಹುದು. ಬೇರೆ ಪೆಟ್ಟಿಗೆ ಎಂದಮಾತ್ರಕ್ಕೆ ಒಳ್ಳೆಯದು ಎನ್ನುವಂತಿಲ್ಲ. ಅಗ್ಗದ ಪೆಟ್ಟಿಗೆಗಿಂತ ಒಳ್ಳೆಯ ಆಂಪ್ಲಿಫೈಯರಿನ ಒಳಗಿರುವುದೇ ಮೇಲಾಗಿರಬಹುದು.

ನೆನಪಿಡಬೇಕಾದ ಮಾತುಗಳು

1. ನಿಮ್ಮ ಕಾರ್ಟ್ರಿಜ್ ಯಾವ ಬಗೆಯದೆಂದು ಮೊದಲು ತಿಳಿಯಿರಿ.
2. ಆಂಪ್ಲಿಫೈಯರಿನಲ್ಲಿ ‘ಫೋನೋ’ ಇದ್ದು, ಅದು ಆ ಬಗೆಗೆ ಹೊಂದುವುದಾದರೆ ಮೊದಲು ಅದನ್ನೇ ಕೇಳಿ ನೋಡಿ. ಕಿವಿಗೆ ಕೊರತೆ ಕಂಡರೆ ಮಾತ್ರ ಪೆಟ್ಟಿಗೆಯ ಯೋಚನೆ ಮಾಡಿ.
3. ಪೆಟ್ಟಿಗೆ ಬಳಸಿದರೆ ಅದರ ತಂತಿಯನ್ನು ‘ಆಕ್ಸ್’ ಎಂಬಲ್ಲಿಗೆ ಸಿಕ್ಕಿಸಿ. ‘ಫೋನೋ’ಗೆ ಸಿಕ್ಕಿಸಿದರೆ ಒಂದೇ ಕೆಲಸ ಎರಡು ಸಲ ನಡೆದು ಸ್ವರ ಒಡೆಯುವುದು.
4. ಟರ್ನ್‌ಟೇಬಲ್ಲಿನಿಂದ ಭೂಸಂಪರ್ಕದ ಸಪೂರ ತಂತಿ ಬಂದಿದ್ದರೆ ಅದನ್ನು ಫೋನೋ ವರ್ಧಕದ ತಿರುಪಿಗೆ ಬಿಗಿಯಿರಿ.

ನಮ್ಮ ಮೈಕ್‌ಸೆಟ್ಟಿನಲ್ಲಿ ‘ಫೋನೋ’ ಇರಲಿಲ್ಲ. ಅದನ್ನು ಬದಲಿಸಲು ಹಣವೂ ಇರಲಿಲ್ಲ. ಆದುದರಿಂದ ನಾವು ಸಾಧಾರಣ ಬೆಲೆಯ ಬೇರೆ ಪೆಟ್ಟಿಗೆಯನ್ನೇ ಆರಿಸಿದೆವು. ಮಾಯವಾಗಿದ್ದ ಮದ್ದಳೆ ಮರಳಿ ಬಂತು. ಹೊಸದಾಗಿ ಎಲ್ಲವನ್ನೂ ಕೊಳ್ಳುವ ಮನೆಯವರಿಗೆ ಫೋನೋ ಒಳಗೇ ಇರುವ ಆಂಪ್ಲಿಫೈಯರ್ ಸಾಕಾದೀತು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಅಟ್ಟದಲ್ಲಿ ಅಜ್ಜನ ಕಾಲದ ತಟ್ಟೆಗಳಿದ್ದರೆ, ಸ್ವರ ಸರಿಯಿಲ್ಲವೆಂದು ಅವನ್ನು ಎಸೆಯಬೇಡಿ. ಜೋಡಣೆಯನ್ನು ಒಮ್ಮೆ ಪರೀಕ್ಷಿಸಿ ನೋಡಿ. ಕಾರಣವನ್ನು ಹುಡುಕದೆ ತೀರ್ಪು ಕೊಡಬಾರದೆಂಬ ವಿಜ್ಞಾನದ ಪಾಠವನ್ನು ನಾವು ಕಲಿತದ್ದು ಈ ಕಪ್ಪು ತಟ್ಟೆಗಳಿಂದ.