ಬೆಕ್ಕನ್ನು ದೂರ ಬಿಟ್ಟು ಬಂದರೆ ಹುಳುಕಡ್ಡಿ ಹೋಗುವುದಿಲ್ಲ

ಪ್ರಶ್ನೆ: ನಾವು ಕನಕಪುರ ತಾಲೂಕಿನ ಹಳ್ಳಿಯವರು, ರೇಷ್ಮೆ ಹುಳು ಸಾಕುತ್ತೇವೆ. ಹುಳುಮನೆಗೆ ಇಲಿ ಕಾಟ ಜಾಸ್ತಿ ಅಂತ ಒಂದು ಬೆಕ್ಕಿನ ಮರಿ ತಂದೆವು. ದೀಪಾವಳಿ ಹೊತ್ತಿಗೆ ಅದರ ಕಿವಿ, ಮುಖ, ಮುಂಗಾಲಿನ ಮೇಲೆ ಕೂದಲು ಉದುರಿ ದುಂಡನೆ ಮಚ್ಚೆಗಳಾದವು. ಹುಳುಕಡ್ಡಿ ಅಂದರು. ಮೆಡಿಕಲ್ ಸ್ಟೋರಿನಿಂದ ಮುಲಾಮು ತಂದು ಹಚ್ಚುತ್ತಲೇ ಇದ್ದೇನೆ. ಒಂದು ಕಡೆ ವಾಸಿಯಾದರೆ ಇನ್ನೊಂದು ಕಡೆ ಏಳುತ್ತದೆ. ಈಗ ಆರು ವರ್ಷದ ಮಗಳ ತೋಳಿನ ಮೇಲೂ ದುಂಡನೆಯ ಕೆಂಪು ಗುರುತು. ಚೀಲಕ್ಕೆ ಹಾಕಿ ಸಂತೆ ಹತ್ತಿರ ಬಿಟ್ಟು ಬಾ ಅಂತಾರೆ ನಮ್ಮತ್ತೆ. ಮಗಳು ಊಟ ಬಿಟ್ಟು ಅಳುತ್ತಾಳೆ. ಹುಳುಗಳಿಗೂ ಅಂಟೀತೇನೋ ಅಂತ ಯಜಮಾನರಿಗೆ ಭಯ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ಮಗಳಿಗೆ ಧೈರ್ಯ ಹೇಳಿ. ಬೆಕ್ಕೂ ವಾಸಿಯಾಗುತ್ತದೆ, ಅವಳ ತೋಳೂ ವಾಸಿಯಾಗುತ್ತದೆ. ಅತ್ತೆಯವರ ಆತಂಕ ಮೊಮ್ಮಗಳ ಮೇಲಿನ ಪ್ರೀತಿಯಿಂದ ಹುಟ್ಟಿದ್ದು, ಅದನ್ನು ತಳ್ಳಿಹಾಕಬೇಡಿ. ಆದರೆ ಬೆಕ್ಕನ್ನು ಸಂತೆಯಲ್ಲಿ ಬಿಟ್ಟರೆ ಮನೆಯಲ್ಲಿ ಉದುರಿದ ಕೂದಲು ಮನೆಯಲ್ಲೇ ಉಳಿಯುತ್ತದೆ, ಮಗುವಿನ ಚಿಕಿತ್ಸೆಯೂ ತಪ್ಪುವುದಿಲ್ಲ, ರೋಗ ಮಾತ್ರ ಇನ್ನೊಂದು ಬೀದಿಗೆ ಹೋಗುತ್ತದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಬೆಕ್ಕುಗಳಲ್ಲಿ ಹುಳುಕಡ್ಡಿಗೆ ಸಾಮಾನ್ಯವಾಗಿ ಕಾರಣ ಮೈಕ್ರೋಸ್ಪೋರಮ್ ಕೇನಿಸ್ ಎಂಬ ಬೂಷ್ಟು. ಕೂದಲು, ಉಗುರು, ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಇದರ ಆಹಾರ. ರೇಷ್ಮೆ ಹುಳುವಿನ ಹೊದಿಕೆ ಕೈಟಿನ್‌ನದು, ಅಲ್ಲಿ ಇದಕ್ಕೆ ಮೇವಿಲ್ಲ. ಹುಳುಗಳಿಗೆ ಬರುವ ಸುಣ್ಣಕಟ್ಟು ರೋಗವೂ ಬೂಷ್ಟಿನದೇ, ಆದರೆ ಆ ಬೂಷ್ಟು ಬೇರೆ. ಯಜಮಾನರ ಭಯಕ್ಕೆ ಕಾರಣವಿಲ್ಲ.

ಈ ಎರಡು ರೋಗಗಳಿಗೆ ಚರಿತ್ರೆಯಲ್ಲಿ ಹತ್ತಿರದ ನಂಟಿದೆ. ಸುಣ್ಣಕಟ್ಟಿಗೆ ಕಾರಣ ಒಂದು ಸೂಕ್ಷ್ಮಜೀವಿ ಎಂದು 1835ರಲ್ಲಿ ಇಟಲಿಯ ಅಗಸ್ಟೀನೋ ಬಾಸ್ಸಿ ತೋರಿಸಿಕೊಟ್ಟರು. ಅದನ್ನು ಓದಿದ ಶೋನ್‌ಲೈನ್ ಎಂಬ ವೈದ್ಯರು 1839ರಲ್ಲಿ ಮನುಷ್ಯರ ನೆತ್ತಿಯ ಹುಣ್ಣಿನಲ್ಲೂ ಬೂಷ್ಟನ್ನು ಕಂಡುಹಿಡಿದರು. 1843ರಲ್ಲಿ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ಮಕ್ಕಳ ತಲೆಯ ಹುಳುಕಡ್ಡಿಯ ಬೂಷ್ಟನ್ನು ಗುರುತಿಸಿ, ಸುಣ್ಣಕಟ್ಟಿನ ಮೇಲೆ ಕೆಲಸ ಮಾಡಿದ್ದ ಆಡ್ವಾನ್ ಅವರ ಹೆಸರನ್ನೇ ಅದಕ್ಕಿಟ್ಟರು. ಹುಳುಕಡ್ಡಿಯ ವಿಜ್ಞಾನ ಶುರುವಾದದ್ದೇ ರೇಷ್ಮೆ ಹುಳುವಿನಿಂದ. ಒಂದು ಬೆಳೆ ಮುಗಿದ ಮೇಲೆ ಹುಳುಮನೆ ತೊಳೆದು, ತಟ್ಟೆ ಚಂದ್ರಿಕೆಗಳನ್ನೆಲ್ಲ ಶುದ್ಧ ಮಾಡದೆ ಮುಂದಿನ ಚಾಕಿಗೆ ಕೈಹಾಕದವರು ನೀವು. ಬೆಕ್ಕಿನ ಚಿಕಿತ್ಸೆಗೆ ಬೇಕಾದದ್ದೂ ಅದೇ ಶಿಸ್ತು.

ಇಷ್ಟು ದಿನ ವಾಸಿಯಾಗದೇ ಇದ್ದದ್ದು ಏಕೆ? ನೀವು ಮಚ್ಚೆಗೆ ಮದ್ದು ಮಾಡಿದಿರಿ. ಬೂಷ್ಟಿನ ಬೀಜಕಣಗಳು ಕಣ್ಣಿಗೆ ಚೆನ್ನಾಗಿಯೇ ಕಾಣುವ ಕೂದಲಿನ ಮೇಲೂ ಇರುತ್ತವೆ. ಬೆಕ್ಕು ಮೈ ನೆಕ್ಕಿಕೊಂಡಾಗ ಮುಲಾಮು ಹೊಟ್ಟೆಗೆ ಹೋಗುತ್ತದೆ, ಬೀಜಕಣ ಮೈತುಂಬ ಹರಡುತ್ತದೆ. ಇದರ ಜೊತೆಗೆ ಮುಲಾಮಿನ ಟ್ಯೂಬನ್ನೊಮ್ಮೆ ತಿರುಗಿಸಿ ನೋಡಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್ ಎಂದು ಬರೆದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸಿ ಚರ್ಮದ ರಕ್ಷಣೆಯನ್ನು ಕುಗ್ಗಿಸುತ್ತದೆ, ಮರೆಯಲ್ಲಿ ಬೂಷ್ಟು ಬೆಳೆಯುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿ ಮಾಡಿದೆ. ಬೆಕ್ಕಿಗಾಗಲಿ ಮಗುವಿಗಾಗಲಿ ಇವತ್ತಿನಿಂದಲೇ ಅದನ್ನು ನಿಲ್ಲಿಸಿ.

ಎಕ್ಕದ ಹಾಲು, ಸೀಮೆಎಣ್ಣೆ, ಟೀ ಟ್ರೀ ಎಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೆಕ್ಕು ಹಚ್ಚಿದ್ದನ್ನೆಲ್ಲ ನೆಕ್ಕುತ್ತದೆ, ಇವು ಅದರ ಪ್ರಾಣಕ್ಕೇ ಅಪಾಯ.

ಇನ್ನು ಮಾಡಬೇಕಾದ್ದು. ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲೋ ಮುಚ್ಚಳದ ಬುಟ್ಟಿಯಲ್ಲೋ ಕೂರಿಸಿ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರದ ಸರ್ಕಾರಿ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ಹಸು, ಎಮ್ಮೆ, ಕುರಿ. ಬೆಕ್ಕನ್ನು ತರುತ್ತೇನೆಂದು ಮೊದಲೇ ಫೋನ್ ಮಾಡಿದರೆ ಒಳ್ಳೆಯದು. ಅಲ್ಲಿ ಪರೀಕ್ಷೆಗೆ ಅನುಕೂಲ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿಬನ್ನಿ. ಇಷ್ಟು ದಿನ ಎಳೆದ ಕಾಯಿಲೆ ಹುಳುಕಡ್ಡಿಯೇ ಹೌದೇ ಎಂಬುದು ಮೊದಲು ಖಚಿತವಾಗಬೇಕು. ನುಸಿಯಿಂದ ಬರುವ ಕಜ್ಜಿ, ಚಿಗಟದ ಅಲರ್ಜಿಯಿಂದಲೂ ಕೂದಲು ಉದುರುತ್ತದೆ. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದರೆ ಈ ಬೂಷ್ಟು ಹಿಡಿದ ಕೂದಲು ಬಹಳಷ್ಟು ಸಲ ಎಳೆ ಹಸಿರಾಗಿ ಹೊಳೆಯುತ್ತದೆ. ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಮೈಯೆಲ್ಲ ಬಾಚಿ ಕಲ್ಚರ್‌ಗೂ ಹಾಕುತ್ತಾರೆ, ಅದರ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ಮನೆಯಲ್ಲಿ ಬೇರೆ ಬೆಕ್ಕು ನಾಯಿ ಇದ್ದರೆ ಅವನ್ನೂ ತೋರಿಸಿ. ಮಚ್ಚೆಯೇ ಇಲ್ಲದ ಬೆಕ್ಕು ಕೂಡ ಬೀಜಕಣ ಹೊತ್ತು ತಿರುಗಬಹುದು.

ಚಿಕಿತ್ಸೆಗೆ ಮೂರು ಕೈಗಳು. ಮೂರೂ ಒಟ್ಟಿಗೆ ನಡೆಯಬೇಕು.

ಒಂದು, ಹೊಟ್ಟೆಗೆ ಕೊಡುವ ಔಷಧಿ. ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಅನ್ನು ಬೆಕ್ಕಿನ ತೂಕ ನೋಡಿ ವೈದ್ಯರು ಕೊಡುತ್ತಾರೆ. ಇಟ್ರಾಕೊನಜೋಲನ್ನು ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು, ಹೀಗೆ ಮೂರು ಸುತ್ತು ಕೊಡುವ ಕ್ರಮ ಉಂಟು. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಮೂರು ಕಿಲೋ ಬೆಕ್ಕಿಗೆ ಬೇಕಾದದ್ದು 15 ಮಿಲಿಗ್ರಾಂ, ಮನುಷ್ಯರ ಕ್ಯಾಪ್ಸೂಲಿನಲ್ಲಿರುವುದು 100. ಮನೆಯಲ್ಲಿ ಅಂದಾಜಿನ ಮೇಲೆ ಬಿಚ್ಚಿ ಹಂಚಿ ಕೊಡಬಾರದು ಎನ್ನುವುದು ಇದಕ್ಕೇ. ಬೆಕ್ಕು ಊಟ ಬಿಟ್ಟರೆ, ವಾಂತಿ ಮಾಡಿದರೆ, ಕಣ್ಣು ಹಳದಿಯಾದರೆ ಔಷಧಿ ನಿಲ್ಲಿಸಿ ತಕ್ಷಣ ತೋರಿಸಿ, ಯಕೃತ್ತಿಗೆ ತೊಂದರೆಯಾಗಿರಬಹುದು. ಬೆಕ್ಕು ಗಬ್ಬವಾಗಿದ್ದರೆ ಮೊದಲೇ ಹೇಳಿ. ಹಳೆಯ ಔಷಧಿ ಗ್ರಿಸಿಯೊಫಲ್ವಿನ್ ಹೊಟ್ಟೆಯಲ್ಲಿರುವ ಮರಿಗಳ ಅಂಗಾಂಗ ಕೆಡಿಸುತ್ತದೆ.

ಎರಡು, ಮೈಗೆ ಸ್ನಾನ. ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಸೇರಿದ ಪ್ರಾಣಿಗಳ ಶಾಂಪೂವಿನಿಂದ ವಾರಕ್ಕೆರಡು ಸಲ ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ. ನೊರೆ ಹತ್ತು ನಿಮಿಷ ಮೈಮೇಲಿರಬೇಕು, ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ತೋಟಕ್ಕೆ ಹೊಡೆಯುವ ಸುಣ್ಣ ಗಂಧಕದ ದ್ರಾವಣವನ್ನು ಬೆಕ್ಕಿಗೆ ಹಾಕಬೇಡಿ. ಪ್ರಾಣಿಗಳಿಗೆಂದೇ ಮಾಡಿದ್ದು ಬೇರೆ ಇದೆ, ಬೇಕೆಂದರೆ ವೈದ್ಯರೇ ಬರೆದುಕೊಡುತ್ತಾರೆ.

ಮೂರು, ಮನೆ. ಚಿಕಿತ್ಸೆ ಮುಗಿಯುವ ತನಕ ಬೆಕ್ಕಿಗೆ ನೆಲ ತೊಳೆಯಲು ಸುಲಭವಾದ ಒಂದು ಕೋಣೆ ಕೊಡಿ. ಹುಳುಮನೆಗೂ ಮಗಳ ಹಾಸಿಗೆಗೂ ಬಿಡಬೇಡಿ. ದಿನವೂ ಹೋಗಿ ಮಾತಾಡಿಸಿ, ಆಡಿಸಿ, ಒಂಟಿಯಾದ ಮರಿ ಕೊರಗುತ್ತದೆ. ಬೀಜಕಣಗಳು ಉದುರಿದ ಕೂದಲಿನಲ್ಲಿ ಒಂದು ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲವು, ಆದ್ದರಿಂದ ಕೂದಲನ್ನು ತೆಗೆಯುವುದೇ ಮುಖ್ಯ ಕೆಲಸ. ಒಣ ಪೊರಕೆಯಿಂದ ಗುಡಿಸಿದರೆ ಅದು ಗಾಳಿಗೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ, ಸೋಪಿನ ನೀರಿನಲ್ಲಿ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ ಸುಮಾರು 30 ಮಿಲಿಲೀಟರ್ ಮನೆಬಳಕೆಯ ದ್ರವ ಬ್ಲೀಚ್ ಬೆರೆಸಿ ನೆಲಕ್ಕೆ ಬಳಿದು, ಹತ್ತು ನಿಮಿಷ ಬಿಟ್ಟು, ನೀರಿನಿಂದ ಒರೆಸಿ. ಒಣಗುವ ತನಕ ಬೆಕ್ಕು ಹೊರಗಿರಲಿ. ಬ್ಲೀಚಿಗೆ ಆಸಿಡ್ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಫಿನಾಯಿಲ್ ಬೇಡವೇ ಬೇಡ, ಅದು ಬೆಕ್ಕಿಗೆ ವಿಷ. ಹುಳುಗಳಿರುವಾಗ ಬ್ಲೀಚಿನ ಘಾಟು ಆ ಕಡೆ ಹೋಗದಂತೆ ನೋಡಿಕೊಳ್ಳಿ. ಹಾಸು ಹೊದಿಕೆಗಳನ್ನು ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ಮಗಳ ಚನ್ನಪಟ್ಟಣದ ಬೊಂಬೆಗಳಿಗೆ ಬ್ಲೀಚ್ ಹಾಕಿದರೆ ಅರಗಿನ ಬಣ್ಣ ಕೆಡುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಕ್ಕಿಲ್ಲದ ಈ ದಿನಗಳಲ್ಲಿ ಹುಳುಮನೆಯ ಕಿಟಕಿ ಸಂದುಗಳಿಗೆ ತಂತಿಜಾಲರಿ ಬಿಗಿದು ಬೋನಿಡಿ. ಇಲಿ ಪಾಷಾಣ ಇಡಬೇಡಿ, ಪಾಷಾಣ ತಿಂದ ಇಲಿಯನ್ನು ಹಿಡಿದ ಬೆಕ್ಕೂ ಸಾಯುತ್ತದೆ.

ಮಗಳನ್ನು ಚರ್ಮರೋಗ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೆಕ್ಕಿಗೆ ಹುಳುಕಡ್ಡಿ ಇದೆ ಎಂದು ಹೇಳಿ. ತೋಳಿನ ಒಂದೆರಡು ಮಚ್ಚೆಗೆ ಸಾಮಾನ್ಯವಾಗಿ ಮುಲಾಮು ಸಾಕಾಗುತ್ತದೆ. ತಲೆಯಲ್ಲಿ ಕೂದಲು ಉದುರಿದ್ದರೆ ಹೊಟ್ಟೆಗೂ ಔಷಧಿ ಬೇಕು. ಮನೆಯ ದೊಡ್ಡವರಲ್ಲಿ ಯಾರಿಗಾದರೂ ತೊಡೆಸಂದಿಯಲ್ಲಿ, ಸೊಂಟದಲ್ಲಿ ಹುಳುಕಡ್ಡಿ ಇದ್ದರೆ ಮುಚ್ಚಿಡಬೇಡಿ. ಈಗ ನಮ್ಮ ದೇಶದಲ್ಲಿ ಹೆಚ್ಚಾಗಿ ಹಬ್ಬಿರುವುದು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಬೇರೆ ಬೂಷ್ಟು. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುತ್ತದೆ, ಟರ್ಬಿನಾಫಿನ್‌ಗೂ ಅನೇಕ ಸಲ ಬಗ್ಗುವುದಿಲ್ಲ. ಆ ತಪ್ಪನ್ನು ಬೆಕ್ಕಿನ ತಲೆಗೆ ಕಟ್ಟಬಾರದು. ಟವೆಲ್, ಬಟ್ಟೆ ಎಲ್ಲರಿಗೂ ಬೇರೆ ಬೇರೆ ಇರಲಿ.

ಕೊನೆಯ ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು. ಕೂದಲು ಮತ್ತೆ ಬಂದ ಕೂಡಲೇ ಚಿಕಿತ್ಸೆ ನಿಲ್ಲಿಸಬೇಡಿ. ಕಣ್ಣಿಗೆ ವಾಸಿಯಾದಂತೆ ಕಂಡ ಮೇಲೂ ಬೂಷ್ಟು ಕೂದಲಿನಲ್ಲಿ ಉಳಿದಿರುತ್ತದೆ, ಬಿಟ್ಟ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ ಎಂದು ವೈದ್ಯರು ಹೇಳುವವರೆಗೆ ಮೂರೂ ಕೆಲಸ ನಡೆಯಲಿ. ಸರಿಯಾಗಿ ಮಾಡಿಯೂ ಗುಣ ಕಾಣದಿದ್ದರೆ ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್ ಸೋಂಕಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಸೋಮವಾರವೇ ಹೊರಡಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೊಮ್ಮಗಳಿಗೆ ಅಪಾಯವಿಲ್ಲ ಎಂಬ ಮಾತನ್ನು ಅವರು ವೈದ್ಯರ ಬಾಯಿಂದಲೇ ಕೇಳಬೇಕು.