ಹೆಸರಿನ ರಚನೆ: ಹಲಸೂರಿನಿಂದ ಹಾಂಗ್‌ಕಾಂಗ್‌ವರೆಗೆ

ಹೆಸರಿನ ಭಾಗಗಳು ಊರು, ತಂದೆ, ಕುಲ, ಮನೆತನಗಳ ಸುಳಿವು ಕೊಡುತ್ತವೆ.

ಮುಖ್ಯಾಂಶಗಳು:

• ಕನ್ನಡದ ಒಂದು ಹಳೆಯ ಕ್ರಮ: ಊರು + ತಂದೆ + ಸ್ವಂತ ಹೆಸರು. ಉದಾ: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ (ಕುವೆಂಪು), ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ (ಡಿವಿಜಿ).

• ಬೆಂಗಳೂರು ದಂಡು ಪ್ರದೇಶ: 1873ರಲ್ಲಿ ಆರಂಭವಾದ ಆರ್‌ಬಿಎಎನ್‌ಎಂ ಶಿಕ್ಷಣ ಸಂಸ್ಥೆ ಹಲಸೂರು ಭಾಗದಲ್ಲಿ ಹೆಸರಾದದ್ದು. ಸ್ಥಾಪಕರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಇಲ್ಲಿ ‘ರಾಯ್ ಬಹದ್ದೂರ್’ ಬಿರುದು, ‘ಆರ್ಕಾಟ್’ ಊರು, ‘ನಾರಾಯಣಸ್ವಾಮಿ’ ಸ್ವಂತ ಹೆಸರು, ‘ಮುದಲಿಯಾರ್’ ಕುಲಸೂಚಕ.

• ಇದೇ ಪ್ರದೇಶದ ತಮಿಳು ಮನೆಗಳಲ್ಲಿ ಸಾಮಾನ್ಯವಾಗಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಆಂಗ್ಲೋ ಇಂಡಿಯನ್ನರಲ್ಲಿ ಮನೆತನದ ಹೆಸರು ಕೊನೆಗೆ.

• ಹಾಂಗ್‌ಕಾಂಗ್‌ನ ಚೀನೀ ನುಡಿಯಾದ ಕ್ಯಾಂಟನೀಸ್‌ನ ಕ್ರಮ: ಮ್ಯಾಂಡರಿನ್ ಚೀನೀಯಲ್ಲಿರುವಂತೆಯೇ ಮನೆತನದ ಹೆಸರು ಮೊದಲು. ಮ್ಯಾಂಡರಿನ್‌ನ ‘ಚೆನ್’ ಇಲ್ಲಿ ‘ಚಾನ್’. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಮನೆತನದ ಹೆಸರು. ಮನೆತನದ ಒಂದೇ ತಲೆಮಾರಿನವರ ಹೆಸರಿನಲ್ಲಿ ಸಮಾನ ಅಕ್ಷರವಿಡುವ ರೂಢಿಯೂ ಉಂಟು.

ಮಾದರಿ ಪ್ರಶ್ನೆ: ‘ಷಿ ಜಿನ್‌ಪಿಂಗ್’ ಹೆಸರಿನಲ್ಲಿ ಮನೆತನದ ಹೆಸರು ಯಾವುದು?
ಉತ್ತರ: ಷಿ.

ಅಭ್ಯರ್ಥಿಗಳ ಗಮನಕ್ಕೆ: ಪರೀಕ್ಷೆಯ ಅರ್ಜಿಯಲ್ಲಿ ನಿಮ್ಮ ಹೆಸರು, ಇನಿಷಿಯಲ್‌ಗಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಬರೆಯಿರಿ.